ತಲೆನೋವು ಡಾಕ್ಟರಿಗೆ, ಕಾಲಿನ ಸುದ್ದಿ ಉಮ್ಮಾಮನಿಗೆ

ಕಾರವಾರದಲ್ಲಿ ರಾತ್ರಿ ಹತ್ತರ ಬಸ್ಸು ಹತ್ತಿದರೆ ಸುಬಹ್ ಬಾಂಗಿನ ಹೊತ್ತಿಗೆ ಮಂಗಳೂರು. ಕಳೆದ ವರ್ಷ ಮಳೆಗಾಲ ಮುಗಿಯುವ ಸಮಯದಲ್ಲಿ ನಾವು ಹಾಗೆ ಹೊರಟದ್ದು ಹತ್ತು ವರ್ಷದ ಮಗಳ ತಲೆನೋವಿಗೆ ಮದ್ದು ಹುಡುಕಿಕೊಂಡು. ಬಸ್ಸು ಅಂಕೋಲಾ ದಾಟುವ ಮೊದಲೇ ಅವಳ ಚಡಪಡಿಕೆ ಶುರುವಾಯಿತು. ಕಾಲು ಮಡಚಿದಳು, ಚಾಚಿದಳು, ಎದುರಿನ ಸೀಟಿಗೆ ಒದ್ದಳು. ಎದುರು ಕೂತವರು ಎರಡು ಸಲ ತಿರುಗಿ ನೋಡಿದರು, ಮೂರನೆಯ ಸಲ ಬಾಯಿಬಿಟ್ಟೇ ಹೇಳಿದರು. ಕುಮಟಾ ಬರುವಾಗ ಅವಳು ಸೀಟು ಬಿಟ್ಟು ಎದ್ದಾಗಿತ್ತು. ಭಟ್ಕಳದವರೆಗೂ ಕಂಬಿ ಹಿಡಿದುಕೊಂಡು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತಾ ನಿಂತೇ ಇದ್ದಳು.

“ಕೂತ್ಕೋ ಮಗಾ, ಬೀಳ್ತೀ” ಎಂದರೆ, “ನಾನು ಕೂರ್ತೇನೆ ಉಮ್ಮಾ, ಕಾಲು ಕೇಳುವುದಿಲ್ಲ” ಎಂಬ ಉತ್ತರ.

ನಮಗೆ ಸಿಟ್ಟು ಬಂದದ್ದು ಹೌದು. ಬೆಳಗ್ಗೆ ಡಾಕ್ಟರ ಎದುರು ಕೂರಬೇಕಾದ ಮಗು ರಾತ್ರಿಯಿಡೀ ನಿದ್ದೆಗೆಟ್ಟರೆ ತಲೆನೋವು ಬಾರದೆ ಇರುತ್ತದಾ ಎಂಬ ಹೆದರಿಕೆಯೇ ಸಿಟ್ಟಾಗಿ ಹೊರಬಂತು. ಮಗುವಿನ ಕಾಲಿಗೂ ತಲೆಗೂ ಏನೋ ಸಂಬಂಧ ಇರಬಹುದು ಎಂದು ಆ ಬಸ್ಸಿನಲ್ಲಿ ಯಾರಾದರೂ ಹೇಳಿದ್ದರೆ ನಾವು ನಗುತ್ತಿದ್ದೆವು.

ಮಂಗಳೂರಿನ ಡಾಕ್ಟರಿಗೆ ನಾವು ಒಪ್ಪಿಸಿದ್ದು ಬಾಯಿಪಾಠ ಆಗಿದ್ದ ಕಥೆ. ಒಂದೂವರೆ ವರ್ಷದಿಂದ ತಲೆನೋವು. ದೊಡ್ಡವರ ಹಾಗೆ ಅರ್ಧ ತಲೆಯಲ್ಲ, ಹಣೆಯ ಎರಡೂ ಬದಿ. ಬೆಳಕು ಆಗುವುದಿಲ್ಲ, ಮಿಕ್ಸಿಯ ಸದ್ದು ಆಗುವುದಿಲ್ಲ, ಅಡಿಗೆಮನೆಯಲ್ಲಿ ಮೀನು ಹುರಿಯುವ ವಾಸನೆ ಬಂದರೆ ವಾಂತಿ. ಕತ್ತಲೆ ಕೋಣೆಯಲ್ಲಿ ಎರಡು–ಮೂರು ಗಂಟೆ ಮಲಗಿ ಎದ್ದರೆ ಏನೂ ಆಗದವಳ ಹಾಗೆ ಊಟ ಕೇಳುತ್ತಾಳೆ. ಡಾಕ್ಟರು ಬರೆದುಕೊಳ್ಳುತ್ತಾ ಹೋದರು. ಮಕ್ಕಳ ಮೈಗ್ರೇನ್ ಹೆಚ್ಚಾಗಿ ಹೀಗೆಯೇ, ದೊಡ್ಡವರಿಗಿಂತ ಸ್ವಲ್ಪ ಹೊತ್ತಿನದು, ಹಣೆಯ ಎರಡೂ ಬದಿಯದು ಎಂದರು. ಆಮೇಲೆ “ನಿದ್ದೆ ಹೇಗೆ?” ಎಂದು ಕೇಳಿದರು. “ನಿನ್ನೆ ಬಸ್ಸಿನಲ್ಲಂತೂ ಕಣ್ಣೇ ಮುಚ್ಚಲಿಲ್ಲ ಡಾಕ್ಟ್ರೇ, ಕಾಲು ಕಾಲು ಅಂತ ನಿಂತೇ ಬಂದಳು” ಎಂದು ನಾವು ಸುಮ್ನೆ, ದಾರಿಯ ಆಯಾಸ ಹೇಳಿಕೊಳ್ಳುವವರ ಹಾಗೆ ಹೇಳಿದ್ದು.

ಅವರು ಪೆನ್ನು ಕೆಳಗಿಟ್ಟರು. ನಮ್ಮನ್ನು ಬಿಟ್ಟು ಮಗಳನ್ನು ಕೇಳಿದರು.

“ಕಾಲಿಗೆ ಎಂತ ಆಗ್ತದೆ?”

“ಒಳಗೆ ಸೋಡಾ ಹೊಯ್ದ ಹಾಗೆ ಆಗ್ತದೆ.”

“ನೋವಾ?”

“ನೋವಲ್ಲ. ಆಡಿಸ್ಬೇಕು ಅಂತ ಆಗ್ತದೆ. ಆಡಿಸದಿದ್ರೆ ಅಳು ಬರ್ತದೆ.”

“ನಡೆದರೆ?”

“ನಡೆದ್ರೆ ಹೋಗ್ತದೆ. ಕೂತ್ರೆ ಮತ್ತೆ ಬರ್ತದೆ.”

“ಯಾವಾಗ ಜಾಸ್ತಿ?”

“ಮಗ್ರಿಬ್ ಆದ ಮೇಲೆ. ಮಲಗುವಾಗ ತುಂಬಾ.”

“ಯಾರಿಗೆ ಹೇಳಿದ್ದೆ?”

“ಉಮ್ಮಾಮನಿಗೆ.”

ಹೌದು, ಉಮ್ಮಾಮನಿಗೆ ಗೊತ್ತಿತ್ತು. ಒಂದು ವರ್ಷದಿಂದ ಅವರು ಪ್ರತಿ ರಾತ್ರಿ ಇಶಾ ಆದ ಮೇಲೆ ಬಿಸಿ ಮಾಡಿದ ತೆಂಗಿನೆಣ್ಣೆ ಹಚ್ಚಿ ಮೊಮ್ಮಗಳ ಕಾಲು ಒತ್ತುತ್ತಿದ್ದರು. ನಾವು ಅದನ್ನು ನೋಡುತ್ತಲೇ ಇದ್ದೆವು. ಅಜ್ಜಿಯ ಮುದ್ದು, ಹಗಲಿಡೀ ಕುಣಿದ ಆಯಾಸ, ಬೆಳೆಯುವ ಮಕ್ಕಳಿಗೆ ಕಾಲುನೋವು ಇದ್ದದ್ದೇ ಎಂದು ಬಿಟ್ಟಿದ್ದೆವು. ತಲೆನೋವು ಡಾಕ್ಟರಿಗೆ ಹೋಯಿತು, ಕಾಲಿನ ಸುದ್ದಿ ಉಮ್ಮಾಮನ ಹತ್ತಿರವೇ ಉಳಿಯಿತು. ಎರಡನ್ನೂ ಒಟ್ಟಿಗೆ ಕೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

ಕಾಯಿಲೆಯ ಹೆಸರು ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್. ಕನ್ನಡದಲ್ಲಿ ಚಡಪಡಿಸುವ ಕಾಲು ಎನ್ನಬಹುದು, ಆದರೆ ನಮ್ಮ ಮನೆಯಲ್ಲಿ ಈಗಲೂ “ಕಾಲು ಕೇಳದ ಕಾಯಿಲೆ” ಎಂದೇ ಹೆಸರು. ಹೊಸ ರೋಗವೇನಲ್ಲ. 1672ರಲ್ಲಿಯೇ ಥಾಮಸ್ ವಿಲ್ಲಿಸ್ ಎಂಬ ಇಂಗ್ಲಿಷ್ ವೈದ್ಯ ಹಾಸಿಗೆಯಲ್ಲಿ ಕೈಕಾಲು ಕೊಸರಾಡಿ ನಿದ್ದೆಯೇ ಬಾರದವರ ಬಗ್ಗೆ ಬರೆದಿದ್ದಾನೆ. 1945ರಲ್ಲಿ ಸ್ವೀಡನ್ನಿನ ಕಾರ್ಲ್-ಆಕ್ಸೆಲ್ ಎಕ್‌ಬೊಮ್ ಇದನ್ನು ವಿವರವಾಗಿ ಬರೆದು ಈ ಹೆಸರಿಟ್ಟ. ಹಾಗಾಗಿ ಕೆಲವು ಡಾಕ್ಟರುಗಳು ಇದನ್ನು ವಿಲ್ಲಿಸ್–ಎಕ್‌ಬೊಮ್ ಕಾಯಿಲೆ ಎಂದೂ ಹೇಳುತ್ತಾರೆ. ಬೆಂಗಳೂರಿನ ವೈದ್ಯರು 2007ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ ನಗರದ ಜನರಲ್ಲಿ ನೂರಕ್ಕೆ 2.1 ಮಂದಿಗೆ ಇದು ಕಂಡುಬಂತು. ಮಕ್ಕಳಲ್ಲಿ ಎಷ್ಟು ಎನ್ನುವುದಕ್ಕೆ ಅದೇ ವರ್ಷ ಅಮೆರಿಕ ಮತ್ತು ಬ್ರಿಟನ್ನಿನ 10,000ಕ್ಕೂ ಹೆಚ್ಚು ಕುಟುಂಬಗಳನ್ನು ವಿಚಾರಿಸಿದ ಲೆಕ್ಕ ಉಂಟು: 8ರಿಂದ 11 ವರ್ಷದವರಲ್ಲಿ 1.9 ಶೇಕಡ, 12ರಿಂದ 17 ವರ್ಷದವರಲ್ಲಿ 2 ಶೇಕಡ. ಅಂದರೆ ಐವತ್ತು ಮಕ್ಕಳ ಒಂದು ತರಗತಿಯಲ್ಲಿ ಒಬ್ಬರು.

ಆ ಲೆಕ್ಕದಲ್ಲಿ ನಮ್ಮನ್ನು ತಟ್ಟಿದ ಇನ್ನೊಂದು ಮಾತು ಇದೆ. ಇಂಥ ಮಕ್ಕಳ ಮನೆಗಳಲ್ಲಿ ಹತ್ತರಲ್ಲಿ ಏಳಕ್ಕೂ ಹೆಚ್ಚು ಕಡೆ ತಂದೆಗೋ ತಾಯಿಗೋ ಅದೇ ತೊಂದರೆ ಇತ್ತು. ಇದು ರಕ್ತದಲ್ಲಿ ಇಳಿದು ಬರುವ ಕಾಯಿಲೆ. ಡಾಕ್ಟರು “ಮನೆಯಲ್ಲಿ ಬೇರೆ ಯಾರಿಗಾದರೂ?” ಎಂದಾಗ ನಾವು ಇಲ್ಲ ಎಂದೆವು. ಮಗಳು ಮಾತ್ರ “ಉಮ್ಮಾಮ ರಾತ್ರಿ ಹಾಲ್‌ನಲ್ಲಿ ನಡೀತಾರೆ” ಎಂದಳು. ಅವರು ತಸ್ಬೀಹ್ ಹಿಡಿದು ನಡೆಯುವುದು ನಿದ್ದೆ ಬಾರದ್ದಕ್ಕೆ ಎಂದುಕೊಂಡಿದ್ದೆವು. ನಿದ್ದೆ ಯಾಕೆ ಬರುವುದಿಲ್ಲ ಎಂದು ನಾವೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ನಮ್ಮ ಮನೆಗಳ ಹಿರಿಯ ಹೆಂಗಸರು ತಮ್ಮ ಮೈಯ ಸುದ್ದಿ ಹೇಳಿದ್ದು ಯಾವಾಗ?

ಇನ್ನು ತಲೆಗೂ ಕಾಲಿಗೂ ಇರುವ ನಂಟು. ಮೈಗ್ರೇನ್ ನಮ್ಮ ರಾಜ್ಯದಲ್ಲಿ ಎಷ್ಟು ಸಾಮಾನ್ಯ ಎನ್ನುವುದು ಹೆಚ್ಚಿನವರಿಗೆ ತಿಳಿದಿಲ್ಲ. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ 2,329 ವಯಸ್ಕರನ್ನು ಮನೆಮನೆಗೆ ಹೋಗಿ ವಿಚಾರಿಸಿದ ನಿಮ್ಹಾನ್ಸ್‌ನ ಸಮೀಕ್ಷೆ 2015ರಲ್ಲಿ ಪ್ರಕಟವಾಯಿತು. ಅದರಂತೆ ಒಂದು ವರ್ಷದ ಅವಧಿಯಲ್ಲಿ ನಾಲ್ವರಲ್ಲಿ ಒಬ್ಬರಿಗೆ, ಅಂದರೆ 25.2 ಶೇಕಡ ಜನರಿಗೆ ಮೈಗ್ರೇನ್ ಬಂದಿದೆ. ಇವರಲ್ಲಿ ಎಷ್ಟೋ ಮಂದಿಯ ತಲೆನೋವು ಶುರುವಾದದ್ದು ಶಾಲೆಗೆ ಹೋಗುವ ವಯಸ್ಸಿನಲ್ಲೇ ಇರಬೇಕು. 2012ರಲ್ಲಿ ಆಸ್ಟ್ರಿಯಾ ದೇಶದ ವಿಯೆನ್ನಾದ ವೈದ್ಯರು ಮೈಗ್ರೇನ್ ಇರುವ ನೂರಕ್ಕೂ ಹೆಚ್ಚು ಮಕ್ಕಳನ್ನು ಮತ್ತು ತಲೆನೋವಿಲ್ಲದ ಅದೇ ಪ್ರಾಯದ ಮಕ್ಕಳನ್ನು ಕೂರಿಸಿ ಕಾಲಿನ ಬಗ್ಗೆ ಕೇಳಿದರು. ತಲೆನೋವಿಲ್ಲದವರಲ್ಲಿ ನೂರಕ್ಕೆ 5 ಮಕ್ಕಳಿಗೆ ಕಾಲಿನ ಚಡಪಡಿಕೆ ಇತ್ತು. ಮೈಗ್ರೇನ್ ಇರುವವರಲ್ಲಿ ನೂರಕ್ಕೆ 22. ನಾಲ್ಕು ಪಟ್ಟಿಗಿಂತಲೂ ಹೆಚ್ಚು.

ಯಾಕೆ ಹೀಗೆ ಎನ್ನುವುದಕ್ಕೆ ಡಾಕ್ಟರು ಕೊಟ್ಟ ವಿವರಣೆಯನ್ನು ನಮಗೆ ಅರ್ಥವಾದಷ್ಟು ಹೇಳುತ್ತೇವೆ. ಮೆದುಳಿನಲ್ಲಿ ಡೊಪಮಿನ್ ಎಂಬ ರಾಸಾಯನಿಕ ಇದೆ. ಕೈಕಾಲಿನ ಚಲನೆ ಹದದಲ್ಲಿ ಇರಲು ಅದು ಬೇಕು. ಮೈಗ್ರೇನ್ ಬರುವ ಮೊದಲಿನ ಆಕಳಿಕೆ, ಬಂದಾಗಿನ ವಾಕರಿಕೆ ಇದರಲ್ಲೂ ಅದಕ್ಕೆ ಪಾತ್ರ ಉಂಟು ಎಂದು ತಜ್ಞರು ನಂಬುತ್ತಾರೆ. ಈ ಡೊಪಮಿನ್ ತಯಾರಾಗಬೇಕಾದರೆ ಕಬ್ಬಿಣದ ಅಂಶ ಬೇಕೇ ಬೇಕು. ಮೆದುಳಿಗೆ ಕಬ್ಬಿಣ ಕಡಿಮೆಯಾದರೆ ಆ ಲೆಕ್ಕಾಚಾರ ತಪ್ಪುತ್ತದೆ, ಸಂಜೆಯಾಗುತ್ತಾ ಕಾಲು ಮಾತು ಕೇಳುವುದನ್ನು ಬಿಡುತ್ತದೆ. ಕಾಲು ನಿದ್ದೆ ಕೆಡಿಸುತ್ತದೆ. ನಿದ್ದೆಗೆಟ್ಟರೆ ಮರುದಿನ ಮೈಗ್ರೇನ್. ಮಲಗಿದ ಮೇಲೂ ಇಂಥ ಹಲವರ ಕಾಲು ಅರ್ಧ ನಿಮಿಷಕ್ಕೊಮ್ಮೆ ತನ್ನಷ್ಟಕ್ಕೆ ಜಗ್ಗುತ್ತದೆ. ಮಗುವಿಗೇ ಅದು ಗೊತ್ತಾಗುವುದಿಲ್ಲ, ಪಕ್ಕದಲ್ಲಿ ಮಲಗಿದ ತಂಗಿಗೆ ಗೊತ್ತು. ನಮ್ಮ ಸಣ್ಣವಳು ಎಷ್ಟು ಸಲ “ಇವಳು ಒದೀತಾಳೆ” ಎಂದು ದಿಂಬು ಹಿಡಿದುಕೊಂಡು ನಮ್ಮ ಕೋಣೆಗೆ ಬಂದಿದ್ದಾಳೋ, ಅಷ್ಟೂ ಸಲ ಅವಳಿಗೇ ಗದರಿದ್ದೆವು.

ರಕ್ತ ಪರೀಕ್ಷೆ ಬರೆದಾಗ ನಾವು ಫೈಲಿನಿಂದ ಹಳೆಯ ಚೀಟಿ ತೆಗೆದು ತೋರಿಸಿದೆವು. “ಹಿಮೋಗ್ಲೋಬಿನ್ 11.8 ಉಂಟು ಡಾಕ್ಟ್ರೇ, ರಕ್ತಹೀನತೆ ಇಲ್ಲ ಅಂತ ಆಗಲೇ ಹೇಳಿದ್ದಾರೆ.” ಅವರು ಚೀಟಿ ನೋಡಿ, ಇದು ಜೇಬಿನ ಹಣದ ಲೆಕ್ಕ, ನನಗೆ ಬೇಕಾದದ್ದು ಬ್ಯಾಂಕಿನ ಪಾಸ್‌ಬುಕ್ ಎಂದರು. ಆ ಪಾಸ್‌ಬುಕ್ಕಿನ ಹೆಸರು ಫೆರಿಟಿನ್. ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ತೋರಿಸುವ ಪರೀಕ್ಷೆ ಅದು. ದಾಸ್ತಾನು ಪೂರ್ತಿ ಖಾಲಿಯಾಗುವವರೆಗೂ ದೇಹ ಹಿಮೋಗ್ಲೋಬಿನ್ನನ್ನು ಹೇಗಾದರೂ ಕಾಯ್ದುಕೊಳ್ಳುತ್ತದೆ. ಹಾಗಾಗಿ ಹಿಮೋಗ್ಲೋಬಿನ್ ಸರಿಯಿದ್ದ ಮಗುವಿನಲ್ಲೂ ಕಬ್ಬಿಣ ತಳ ಹಿಡಿದಿರಬಹುದು. ಕಾಲಿನ ಚಡಪಡಿಕೆ ಇರುವ ಮಕ್ಕಳಲ್ಲಿ ಫೆರಿಟಿನ್ 50ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣ ಕೊಡುವುದನ್ನು ಯೋಚಿಸಬೇಕು ಎಂದು 2018ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಎಷ್ಟೋ ಲ್ಯಾಬುಗಳ ಚೀಟಿಯಲ್ಲಿ ಹನ್ನೆರಡೋ ಹದಿನೈದೋ ದಾಟಿದರೆ ಸಾಕು, ‘ಸರಿ ಇದೆ’ ಎಂದೇ ಇರುತ್ತದೆ. ಅದನ್ನು ನೋಡಿ ಸಮಾಧಾನ ಮಾಡಿಕೊಂಡು ಮನೆಗೆ ಬರಬಾರದು. ಜ್ವರ, ಶೀತ ಇರುವಾಗ ಈ ಪರೀಕ್ಷೆ ಮಾಡಿಸಿದರೆ ಅಂಕಿ ಸುಳ್ಳೇ ಮೇಲೆ ತೋರಿಸುತ್ತದೆ, ಮಗು ಆರೋಗ್ಯವಾಗಿರುವಾಗ ಮಾಡಿಸಬೇಕು.

ನಮ್ಮ ಮಗಳಿಗೆ ಬಂದದ್ದು 11.

ಮೀನು ತಿನ್ನುವ ಮನೆಯಲ್ಲಿ ಇದು ಹೇಗೆ ಎಂದು ಉಮ್ಮಾಮ ಒಪ್ಪಲೇ ಇಲ್ಲ. ಕಾರವಾರದಲ್ಲಿದ್ದುಕೊಂಡು ದಿನಾ ಬಂಗುಡೆ, ಬೂತಾಯಿ. ಆದರೆ ನಾವು ತಿನ್ನುವ ಹೆಚ್ಚಿನ ಮೀನುಗಳಲ್ಲಿ ಕಬ್ಬಿಣ ನಾವು ಎಣಿಸಿದಷ್ಟು ಇಲ್ಲ. ಅದು ಜಾಸ್ತಿ ಇರುವುದು ಲಿವರ್‌ನಲ್ಲಿ, ಕೆಂಪು ಮಾಂಸದಲ್ಲಿ, ಚಿಪ್ಪಿನ ಜೀವಿಗಳಲ್ಲಿ. ಊರಿನಲ್ಲಿ ನಾವು ಮರುವಾಯಿ ಎನ್ನುವುದನ್ನು ಇಲ್ಲಿ ಬೆಳಚು ಎನ್ನುತ್ತಾರೆ; ಕಾಳಿ, ಗಂಗಾವಳಿ ನದಿ ಸಮುದ್ರ ಸೇರುವಲ್ಲಿ ಸಿಗುವ ಅದನ್ನು ನಮ್ಮ ಮಕ್ಕಳು “ಮಣ್ಣಿನ ವಾಸನೆ” ಎಂದು ದೂರ ತಳ್ಳುತ್ತಾರೆ. ಅಂಕೋಲಾದ ಪೇಟೆಯಲ್ಲಿ, ಕಾರವಾರದ ರವಿವಾರದ ಸಂತೆಯಲ್ಲಿ ಹಾಲಕ್ಕಿ ಹೆಂಗಸರು ಬುಟ್ಟಿಯಲ್ಲಿ ತರುವ ಹರಿವೆ, ಬಸಳೆಯಲ್ಲೂ ಕಬ್ಬಿಣ ಉಂಟು, ಆದರೆ ಸೊಪ್ಪಿನ ಕಬ್ಬಿಣವನ್ನು ದೇಹ ಸುಲಭಕ್ಕೆ ಹೀರಿಕೊಳ್ಳುವುದಿಲ್ಲ. ಲಿಂಬೆ ಹಿಂಡಿದರೆ, ಪೇರಳೆಯೋ ನೆಲ್ಲಿಕಾಯಿಯೋ ಜೊತೆಗಿದ್ದರೆ ಪರವಾಗಿಲ್ಲ. ಊಟದ ಬೆನ್ನಿಗೇ ಚಹಾ ಕುಡಿದರೆ ಇದ್ದದ್ದೂ ಹೋಯಿತು. ನಮ್ಮ ಮನೆಗಳಲ್ಲಿ ಬಿರಿಯಾನಿಯ ಮೇಲೆ ಸುಲೈಮಾನಿ ಬಾರದಿದ್ದರೆ ಊಟವೇ ಮುಗಿದ ಹಾಗಲ್ಲ, ಹತ್ತು ವರ್ಷದ ಮಕ್ಕಳಿಗೂ ಅರ್ಧ ಗ್ಲಾಸು. ಅದಕ್ಕೆ ಲಿಂಬೆ ಹಿಂಡಿದ್ದೇವಲ್ಲ ಎಂದು ನಾವೂ ವಾದ ಮಾಡಿ ನೋಡಿದೆವು. ಡಾಕ್ಟರು ನಕ್ಕು, ಚಹಾದ ಸೊಪ್ಪು ಚಹಾದ ಸೊಪ್ಪೇ ಎಂದರು. ಸಂಜೆಯ ಚಹಾ, ಕೋಲಾ, ಚಾಕಲೇಟಿನ ಕೆಫೀನ್ ಕಾಲಿನ ಚಡಪಡಿಕೆಯನ್ನೂ ಹೆಚ್ಚಿಸಬಹುದು. ಮಗಳಿಗೆ ಚಹಾ ಬಂದ್ ಆಯಿತು. ಅವಳಿಗಿಂತ ಜಾಸ್ತಿ ಬೇಜಾರು ಅವಳ ಬಾಪನಿಗೆ.

ಶಾಲೆಯಲ್ಲಿ ವಾರಕ್ಕೊಂದು ಕಬ್ಬಿಣದ ಮಾತ್ರೆ ಕೊಡುತ್ತಾರೆ. 2018ರಲ್ಲಿ ಶುರುವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಂತೆ 5ರಿಂದ 9 ವರ್ಷದವರಿಗೆ ಗುಲಾಬಿ ಬಣ್ಣದ್ದು, 10ರಿಂದ 19ರವರಿಗೆ ನೀಲಿ. ಮಗಳು ಅದನ್ನು ನುಂಗದೆ ಬ್ಯಾಗಿನ ಜಿಪ್ಪಿನಲ್ಲಿ ಕೂಡಿಟ್ಟಿದ್ದಳು, ಹೊಟ್ಟೆ ತೊಳೆಸುತ್ತದೆ ಎಂದು ಗೆಳತಿ ಹೇಳಿದ್ದಳಂತೆ. ಇಂಥ ಮಾತ್ರೆಗಳು ಎಷ್ಟು ಬ್ಯಾಗುಗಳಲ್ಲಿ ಇವೆಯೋ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ 59.1 ಶೇಕಡ ಮಂದಿಗೆ ರಕ್ತಹೀನತೆ ಇದೆ, ಐದು ವರ್ಷದೊಳಗಿನ ಮಕ್ಕಳಲ್ಲಿ 67.1 ಶೇಕಡ. ಆ ಬ್ಯಾಗುಗಳನ್ನು ಒಮ್ಮೆ ತಡಕಿ ನೋಡುವುದು ಒಳ್ಳೆಯದು.

ಹಾಗೆಂದು ಈ ಲೇಖನ ಓದಿ ಮೆಡಿಕಲ್‌ಗೆ ಹೋಗಿ ಕಬ್ಬಿಣದ ಸಿರಪ್ ತಂದು ಕುಡಿಸಲು ಶುರು ಮಾಡಬೇಡಿ. ಪರೀಕ್ಷೆ ಇಲ್ಲದೆ, ಡಾಕ್ಟರು ತೂಕ ನೋಡಿ ಲೆಕ್ಕ ಹಾಕದೆ ದಿನಾ ಕೊಡುವ ಮದ್ದು ಅದಲ್ಲ. ಕೆಲವು ಮನೆತನಗಳಲ್ಲಿ ಥಲಸ್ಸೇಮಿಯಾದಂಥ ರಕ್ತದ ತೊಂದರೆ ಇರುತ್ತದೆ, ಅಲ್ಲಿ ಕಬ್ಬಿಣ ಕಡಿಮೆಯಿಲ್ಲದೆಯೇ ಹಿಮೋಗ್ಲೋಬಿನ್ ಇಳಿದಿರುತ್ತದೆ. ಮಿಠಾಯಿ ಎಂದುಕೊಂಡು ಸಣ್ಣ ಮಕ್ಕಳು ಹಿಡಿ ತುಂಬ ಕಬ್ಬಿಣದ ಮಾತ್ರೆ ನುಂಗಿದರೆ ಜೀವಕ್ಕೇ ಅಪಾಯ. ಡಬ್ಬಿಯನ್ನು ಕೈಗೆ ಸಿಗದ ಹಾಗೆ ಮೇಲಿಡಬೇಕು.

ಇನ್ನು ನಮ್ಮ ತಪ್ಪಿನ ಕಥೆ. ಮಂಗಳೂರಿಗೆ ಹೋಗುವ ನಾಲ್ಕು ತಿಂಗಳ ಮೊದಲು, ಊರ ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಮೈಗ್ರೇನ್ ಪದೇ ಪದೇ ಬಾರದ ಹಾಗೆ ರಾತ್ರಿ ಮಲಗುವ ಮುಂಚೆ ಕೊಡಲು ಒಂದು ಮಾತ್ರೆ ಬರೆದಿದ್ದರು. ವಾಂತಿಗೆ ಬೇರೆ, ಹಸಿವಿಗೆಂದು ಒಂದು ಸಿರಪ್ ನಾವೇ ಸೇರಿಸಿದ್ದು. ಎರಡು ವಾರದಲ್ಲಿ ಮಗಳ ರಾತ್ರಿ ಇನ್ನಷ್ಟು ಕೆಟ್ಟಿತು. ಹಾಸಿಗೆಯಲ್ಲಿ ಸೈಕಲ್ ತುಳಿಯುವವಳ ಹಾಗೆ ಕಾಲು ಆಡಿಸುತ್ತಿದ್ದಳು. ಉಮ್ಮಾಮ ಕಣ್ಣು ತಾಗಿದೆ ಎಂದು ನೀರು ಮಂತ್ರಿಸಿ ತರಿಸಿದರು. ನಾವು “ಮದ್ದು ಹಿಡಿಯಲಿಲ್ಲ” ಎಂದು ಯಾರನ್ನೂ ಕೇಳದೆ ಎಲ್ಲವನ್ನೂ ನಿಲ್ಲಿಸಿ, ಆ ಕ್ಲಿನಿಕ್ಕಿನ ಬಗ್ಗೆ ನೆಂಟರ ಹತ್ತಿರವೆಲ್ಲ ಹಗುರವಾಗಿ ಮಾತಾಡಿದೆವು.

ಆ ಡಾಕ್ಟರದು ತಪ್ಪಿರಲಿಲ್ಲ. ಕಾಲಿನ ಸುದ್ದಿ ನಾವು ಹೇಳಿಯೇ ಇರಲಿಲ್ಲ. ಮೈಗ್ರೇನಿಗೆ ಬಳಸುವ ಕೆಲವು ಒಳ್ಳೆಯ ಮದ್ದುಗಳೇ ಕಾಲಿನ ಚಡಪಡಿಕೆಯನ್ನು ಕೆದಕಬಲ್ಲವು. ಮೈಗ್ರೇನ್ ತಡೆಯಲು ಕೊಡುವ ಅಮಿಟ್ರಿಪ್ಟಿಲಿನ್ ಅಂಥದ್ದು. ವಾಂತಿ ನಿಲ್ಲಿಸಲು ಕೊಡುವ ಮೆಟೊಕ್ಲೊಪ್ರಮೈಡ್ ಮೆದುಳಿನಲ್ಲಿ ಡೊಪಮಿನ್‌ಗೇ ಅಡ್ಡ ನಿಲ್ಲುತ್ತದೆ. ಹಸಿವಿಗೆಂದು ನಾವು ತರುವ ಸಿರಪ್ಪುಗಳಲ್ಲಿ ಹೆಚ್ಚಾಗಿ ಇರುವ ಸೈಪ್ರೊಹೆಪ್ಟಡಿನ್, ಶೀತಕ್ಕೆ ಕೊಡುವ ನಿದ್ದೆ ಬರಿಸುವ ಸಿರಪ್ಪುಗಳು ಕೂಡ ಹಾಗೆಯೇ. ನಿದ್ದೆ ಬರಲಿ ಎಂದು ಕೊಟ್ಟರೆ ಕಾಲು ಎಬ್ಬಿಸಿ ಕೂರಿಸುತ್ತದೆ. ಇವೆಲ್ಲ ಕೆಟ್ಟ ಮದ್ದು ಎಂದಲ್ಲ, ಎಷ್ಟೋ ಮಕ್ಕಳಿಗೆ ಏನೂ ಆಗುವುದಿಲ್ಲ. ಬರೆಯುವವರಿಗೆ ಕಾಲಿನ ಸುದ್ದಿ ಗೊತ್ತಿದ್ದರೆ ಬೇರೆ ಮದ್ದು ಆರಿಸುತ್ತಾರೆ, ಅಷ್ಟೆ. ನಾವೇ ನಿಲ್ಲಿಸಿದ್ದಕ್ಕೆ ಮಂಗಳೂರಿನ ಡಾಕ್ಟರು ಚೆನ್ನಾಗಿ ಗದರಿದರು. ಕೆಲವು ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಬಾರದು, ಹಂತ ಹಂತವಾಗಿ ಇಳಿಸಬೇಕಂತೆ.

ಮಾತ್ರೆ ಮಾತ್ರವೇ ಮದ್ದಲ್ಲ ಎನ್ನುವುದಕ್ಕೆ ಅವರು ಹೇಳಿದ ಒಂದು ಸಂಗತಿ ನೆನಪಿನಲ್ಲಿ ಉಳಿದಿದೆ. ಅಮೆರಿಕದಲ್ಲಿ 8ರಿಂದ 17 ವರ್ಷದ ಮೈಗ್ರೇನ್ ಮಕ್ಕಳಿಗೆ ಎರಡು ಬಗೆಯ ತಡೆಮದ್ದು, ಇನ್ನು ಕೆಲವರಿಗೆ ಮದ್ದೇ ಇಲ್ಲದ ಸುಳ್ಳು ಮಾತ್ರೆ ಕೊಟ್ಟು ನೋಡಿದ ದೊಡ್ಡ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಮೂರೂ ಗುಂಪಿನ ಅರ್ಧಕ್ಕೂ ಹೆಚ್ಚು ಮಕ್ಕಳಿಗೆ ತಲೆನೋವು ಕಡಿಮೆಯಾಯಿತು, ಅಸಲಿ ಮದ್ದಿನವರು ಮೇಲುಗೈ ಸಾಧಿಸಲಿಲ್ಲ. ಸಮಯಕ್ಕೆ ಊಟ, ಸಾಕಷ್ಟು ನೀರು, ದಿನಾ ಒಂದೇ ಹೊತ್ತಿಗೆ ನಿದ್ದೆ, ತಲೆನೋವು ಬಂದ ಕೂಡಲೇ ಸರಿಯಾದ ಪ್ರಮಾಣದಲ್ಲಿ ನೋವಿನ ಮದ್ದು: ಹೆಚ್ಚಿನ ಕೆಲಸ ಇಷ್ಟರಲ್ಲೇ ಆಗುತ್ತದೆ. ನೋವಿನ ಮದ್ದೂ ವಾರಕ್ಕೆ ಎರಡು–ಮೂರು ದಿನ ದಾಟಬಾರದು, ದಾಟಿದರೆ ಅದೇ ತಲೆನೋವು ತರುತ್ತದೆ.

ನಿದ್ದೆಯ ಮಾತು ಬಂದಾಗ ನಮ್ಮ ಮಕ್ಕಳ ದಿನಚರಿಯನ್ನೂ ನೋಡಬೇಕು. ಬೆಳಗ್ಗೆ ಬೇಗ ಎದ್ದು ಮದ್ರಸ, ಅಲ್ಲಿಂದ ಶಾಲೆ, ಸಂಜೆ ಟ್ಯೂಷನ್. ಕಾಲಿನ ದೆಸೆಯಿಂದ ರಾತ್ರಿ ಹನ್ನೆರಡಕ್ಕೆ ಮಲಗಿದ ಮಗು ಬೆಳಗ್ಗೆ ಚಕ್ಕಳಮಕ್ಕಳ ಹಾಕಿ ಒಂದು ಗಂಟೆ ಅಲುಗಾಡದೆ ಕೂರಬೇಕೆಂದರೆ ಹೇಗೆ? ನಮ್ಮ ಮಗಳ ಮೇಲೆ “ಒಂದು ಕಡೆ ಕೂರುವುದಿಲ್ಲ, ಗಮನ ಇಲ್ಲ” ಎಂಬ ದೂರು ಎರಡೂ ಕಡೆಯಿಂದ ಬಂದಿತ್ತು. ಕಾಲಿನ ಚಡಪಡಿಕೆ ಇರುವ ಮಕ್ಕಳನ್ನು ಗಮನ ಕೊಡದ ತುಂಟ ಮಕ್ಕಳ ಸಾಲಿಗೆ ಸೇರಿಸುವುದು ಎಲ್ಲ ಊರಿನಲ್ಲೂ ಆಗುವ ತಪ್ಪು. ಡಾಕ್ಟರ ಚೀಟಿ ತೆಗೆದುಕೊಂಡು ಹೋಗಿ ಉಸ್ತಾದರಿಗೆ ವಿವರಿಸಿದೆವು. ಅವರು ಪೂರ್ತಿ ಕೇಳಿ, “ಹಿಂದಿನ ಸಾಲಿನಲ್ಲಿ ಕೂರಲಿ, ಬೇಕಾದಾಗ ಎದ್ದು ನಿಲ್ಲಲಿ” ಎಂದರು. ಆಮೇಲೆ ತಡೆದು, “ಇಂಥ ಇನ್ನೊಬ್ಬ ಹುಡುಗ ಇದ್ದಾನೆ, ಅವನಿಗೆ ನಾನು ಬೆತ್ತ ತೋರಿಸಿದ್ದೆ” ಎಂದರು. ಆ ಹುಡುಗನ ಮನೆಗೆ ಅವರೇ ಹೇಳಿ ಕಳುಹಿಸಿದ್ದಾರೆ.

ರಮಳಾನ್‌ನಲ್ಲಿ ಉಪವಾಸ ಹಿಡಿಯುತ್ತೇನೆ ಎಂದು ಈ ವಯಸ್ಸಿನ ಮಕ್ಕಳು ಹಟ ಮಾಡುತ್ತಾರೆ. ಹಸಿವು, ನೀರಡಿಕೆ, ಸಹರಿಗಾಗಿ ಮುರಿದ ನಿದ್ದೆ ಮೂರೂ ಮೈಗ್ರೇನನ್ನು ಕರೆಯುವಂಥವೇ. ಪ್ರಾಯಕ್ಕೆ ಬಾರದ ಮಗುವಿಗೆ ಅದು ಕಡ್ಡಾಯವಲ್ಲ ಎನ್ನುವುದು ನಮಗೆಲ್ಲ ತಿಳಿದದ್ದೇ. ಆ ಮಾತನ್ನು ಮಗುವಿಗೆ ಮನೆಯ ಹಿರಿಯರೇ ಹೇಳಿದರೆ ನಾಟುತ್ತದೆ.

ಈಗ ನಮ್ಮ ಊರಿನವರಿಗೆ ಮುಖ್ಯವಾದ ಮಾತು. ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಜಿಲ್ಲೆಯ ಜನ ದೊಡ್ಡ ಅಭಿಯಾನವನ್ನೇ ಮಾಡಿದರು. ದೊಡ್ಡ ಕಾಯಿಲೆ ಎಂದರೆ ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಇಲ್ಲವೇ ಗೋವಾದ ಬಾಂಬೋಳಿಗೆ ಓಡುವುದು ನಮಗೆ ರೂಢಿಯಾಗಿ ಹೋಗಿದೆ. ಆ ಬೇಡಿಕೆ ನ್ಯಾಯವಾದದ್ದೇ. ಆದರೆ ಈ ಒಂದು ಕಾಯಿಲೆಗೆ ನಾವು ಅಷ್ಟು ದೂರ ಹೋಗಬೇಕಾಗಿರಲಿಲ್ಲ. ಇದನ್ನು ಹಿಡಿಯಲು ಸ್ಕ್ಯಾನ್ ಬೇಡ, ಯಂತ್ರ ಬೇಡ. ಆಡಿಸಲೇಬೇಕೆಂಬ ತುಡಿತ, ಸುಮ್ಮನಿದ್ದರೆ ಹೆಚ್ಚು, ನಡೆದರೆ ಕಡಿಮೆ, ಸಂಜೆ–ರಾತ್ರಿ ಜಾಸ್ತಿ, ಇದಕ್ಕೆಲ್ಲ ಬೇರೆ ಕಾರಣ ಕಾಣುವುದಿಲ್ಲ: ಇಷ್ಟು ಮಗುವಿನ ಬಾಯಿಂದ ಬಂದರೆ ಡಾಕ್ಟರಿಗೆ ದಾರಿ ಸಿಕ್ಕಿತು. ಅಂಕೋಲಾದ ತಾಲೂಕು ಆಸ್ಪತ್ರೆಯಲ್ಲೋ ಕಾರವಾರದ ಕ್ರಿಮ್ಸ್‌ನಲ್ಲೋ ಮಕ್ಕಳ ಡಾಕ್ಟರ ಎದುರು ಕೂತು, ತಲೆ ಮತ್ತು ಕಾಲು ಎರಡರ ಸುದ್ದಿಯನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದರೆ ಮುಗಿಯುತ್ತಿತ್ತು. ಅದಕ್ಕೆ ಮುಂಚೆ ಮನೆಯಲ್ಲಿ ಮಗುವಿನ ಜೊತೆ ಮಲಗುವವರನ್ನು, ಕಾಲು ಒತ್ತುವವರನ್ನು ಒಮ್ಮೆ ಕೇಳಿಕೊಂಡು ಹೋಗಬೇಕು. ಸಾಧ್ಯವಾದರೆ ಅವರನ್ನೇ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು.

ಎಲ್ಲ ಕಾಲುನೋವೂ ಇದಲ್ಲ. ಬೆಳೆಯುವ ವಯಸ್ಸಿನ ನೋವು ನಿಜಕ್ಕೂ ನೋವು, ಒತ್ತಿದರೆ ಹಿತ, ಆಡಿಸಲೇಬೇಕೆಂಬ ಒತ್ತಾಯ ಅದರಲ್ಲಿ ಇಲ್ಲ. ಸೆಳೆತ ಬಂದರೆ ಮೀನಖಂಡ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಒಂದೇ ಕಾಲಿನಲ್ಲಿ ನೋವು, ಬಾವು, ಕುಂಟುವುದು, ಜ್ವರ, ತೂಕ ಇಳಿಯುವುದು ಕಂಡರೆ ತಡ ಮಾಡದೆ ಡಾಕ್ಟರಿಗೆ ತೋರಿಸಬೇಕು. ತಲೆನೋವಿನಲ್ಲೂ ಹಾಗೆ: ನಿದ್ದೆಯಿಂದ ಎಬ್ಬಿಸುವ ನೋವು, ಬೆಳಗ್ಗೆ ಎದ್ದ ಕೂಡಲೇ ವಾಂತಿ, ಎರಡೆರಡಾಗಿ ಕಾಣುವುದು, ತೂರಾಡುವ ನಡಿಗೆ, ಫಿಟ್ಸ್, ಜ್ವರದ ಜೊತೆ ಕುತ್ತಿಗೆ ಬಿಗಿತ, ಬಿದ್ದು ಪೆಟ್ಟಾದ ಮೇಲಿನ ನೋವು. ಇವುಗಳಿಗೆ ಬೆಳಗಾಗುವುದನ್ನು ಕಾಯಬಾರದು.

ಮಗಳಿಗೆ ಕಬ್ಬಿಣದ ಮದ್ದು ಶುರುವಾಗಿ ಮೂರು ತಿಂಗಳ ಮೇಲೆ ಪುನಃ ಪರೀಕ್ಷೆ ಮಾಡಿಸಿದೆವು. ಹಾಲಿನ ಜೊತೆ ಬೇಡ, ಚಹಾ ಬೇಡ, ಲಿಂಬೆ ಶರಬತ್ತಿನ ಜೊತೆ ಸರಿ. ಮಲ ಕಪ್ಪಾಗುತ್ತದೆ, ಹೆದರಬೇಡಿ ಎಂದು ಮೊದಲೇ ಹೇಳಿದ್ದರು, ಆದರೂ ಮೊದಲ ದಿನ ಹೆದರಿದೆವು. ಫೆರಿಟಿನ್ 38ಕ್ಕೆ ಬಂದಿದೆ, ಇನ್ನೂ ದೂರ ಉಂಟು. ಕಾಲು ಈಗ ವಾರದಲ್ಲಿ ಒಂದೆರಡು ರಾತ್ರಿ ಮಾತ್ರ ಎಬ್ಬಿಸುತ್ತದೆ. ತಲೆನೋವು ಹೋಗಿಲ್ಲ. ತಿಂಗಳಿಗೆ ಆರೇಳು ಸಲ ಬರುತ್ತಿದ್ದದ್ದು ಎರಡು–ಮೂರಕ್ಕೆ ಇಳಿದಿದೆ. ಕಬ್ಬಿಣದಿಂದಲೋ, ನಿದ್ದೆಯಿಂದಲೋ, ಚಹಾ ಬಿಟ್ಟದ್ದರಿಂದಲೋ, ಬೈಗುಳ ಕಡಿಮೆಯಾದದ್ದರಿಂದಲೋ ಎಂದು ಬಿಡಿಸಿ ಹೇಳಲು ಡಾಕ್ಟರಿಗೂ ಆಗಲಿಲ್ಲ.

ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಮಗಳು ಎರಡು ಗುರುತು ಹಾಕುತ್ತಾಳೆ. ತಲೆನೋವಿಗೆ ಕೆಂಪು ಚುಕ್ಕೆ, ಕಾಲಿಗೆ ನೀಲಿ. ಕಳೆದ ತಿಂಗಳಿನಿಂದ ಹಸಿರು ಚುಕ್ಕೆಗಳೂ ಕಾಣಿಸಿಕೊಂಡಿವೆ. ಅದೇನೆಂದು ಕೇಳಿದರೆ, “ಅದು ಉಮ್ಮಾಮನದ್ದು. ನಡೆದ ರಾತ್ರಿ ನನಗೆ ಹೇಳ್ತಾರೆ, ನಾನು ಹಾಕ್ತೇನೆ” ಎಂದಳು. ತಿಂಗಳಲ್ಲಿ ಹತ್ತೊಂಬತ್ತು ಹಸಿರು ಚುಕ್ಕೆ. ನಿನ್ನೆ ಬೆಳಗ್ಗೆ ಉಮ್ಮಾಮನನ್ನು ಕರೆದುಕೊಂಡು ಹೋಗಿ ರಕ್ತ ಕೊಟ್ಟು ಬಂದಿದ್ದೇವೆ. ಚೀಟಿ ಸೋಮವಾರ ಸಿಗುತ್ತದಂತೆ.